ನಾಲ್ಕನೇ ಜ್ವರ

ಗುತ್ತಲು, ಮಂಡ್ಯ
೧೪ ಜೂನ್ ೧೯೪೩

ಅಪ್ಪಾ, ಆಷಾಢಕ್ಕೆ ನನ್ನನ್ನು ಪೂರ್ತಿ ಒಂದು ತಿಂಗಳು ಸೋಮನಹಳ್ಳಿಗೆ ಕಳಿಸಿಕೊಡುತ್ತಾರಂತೆ!

ಒಂದು ವಾರವಲ್ಲ, ಹದಿನೈದು ದಿನವಲ್ಲ, ಈ ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಗೆ. ಕ್ಷೇಮಸಮಾಚಾರ ಬರೆಯದೆ ಇದನ್ನೇ ಮೊದಲು ಬರೆದಳೆಂದು ಬೈಯಬೇಡಿ, ಸುದ್ದಿ ಕೈಯಲ್ಲಿ ನಿಲ್ಲಲಿಲ್ಲ. ಈಗ ಕ್ರಮವಾಗಿ ಕೇಳಿ. ನಾನು ಕ್ಷೇಮ, ಇವರು ಕ್ಷೇಮ, ನಮ್ಮತ್ತೆ ಇಂದ್ರಮ್ಮನವರು ಎಲ್ಲರಿಗಿಂತ ಕ್ಷೇಮ. ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಮುಖ ನೋಡಬಾರದೆಂಬ ಶಾಸ್ತ್ರವನ್ನು ಮಾಡಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ನೀವು ಹುಡುಕಿದ ಅಳಿಯನ ವಿಷಯ ಬರೆಯಲು ಹೊರಟರೆ ಕಾಗದ ಸಾಲದು. ಆಸ್ಪತ್ರೆಯಿಂದ ಬಂದವರು ಮೂರು ಸಲ ಸೋಪು ಹಾಕಿ ಕೈ ತೊಳೆಯುತ್ತಾರೆ, ನಾಲ್ಕನೇ ಸಲ ಮರೆತು ಮತ್ತೆ ತೊಳೆಯುತ್ತಾರೆ. ನನ್ನ ಇಂಗ್ಲಿಷ್ ಉಚ್ಚಾರಣೆ ತಮ್ಮದಕ್ಕಿಂತ ಚೆನ್ನಾಗಿದೆ ಎಂದು ಅವರೇ ಒಪ್ಪಿಕೊಂಡರು. ಮೈಸೂರಿನ ಕಾನ್ವೆಂಟಿನಲ್ಲಿ ಏಳು ವರ್ಷ ನೀವು ಇಟ್ಟದ್ದು ವ್ಯರ್ಥವಾಗಲಿಲ್ಲ ನೋಡಿ. ಇನ್ನೊಂದು ಸಂಗತಿ: ನಮ್ಮ ಕೋಣೆಯಲ್ಲಿ, ನನ್ನ ಧಾರೆ ಸೀರೆಯ ಪಕ್ಕದಲ್ಲಿ, ಮನುಷ್ಯರ ಮಿದುಳು ಇದೆ. ಹೆದರಬೇಡಿ. ಮದ್ರಾಸಿನಲ್ಲಿ ಓದುವಾಗ ಇವರು ಎಳೆ ಎಳೆಯಾಗಿ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲೆ ಕೂರಿಸಿದ ಚೂರುಗಳು. ಬೆಳಕಿಗೆ ಹಿಡಿದರೆ ನೀಲಿ ಶಾಯಿ ಹರಡಿದ ಎಲೆಯ ಹಾಗೆ ಕಾಣುತ್ತದೆ. ಒಂದರಲ್ಲಿ ಮಾತ್ರ ಅಲ್ಲಲ್ಲಿ ಬಿಳಿಚಿಕೊಂಡಿತ್ತು. ಶಾಯಿ ಸಾಲದೆ ಬಂತೇ ಎಂದು ಕೇಳಿದೆ. ನಕ್ಕು, ಗಾಜನ್ನು ಪೆಟ್ಟಿಗೆಯಲ್ಲಿಟ್ಟರು.

ಜುಲೈ ಮೂರನೇ ತಾರೀಖು ಆಷಾಢ ಹುಟ್ಟುತ್ತದೆ. ಅದಕ್ಕೆ ಒಂದು ದಿನ ಮೊದಲೇ ಕರೆಯಲು ಬನ್ನಿ. ತವರಿನವರು ಬಂದು ಕರೆಯದೆ ಸೊಸೆಯನ್ನು ಕಳಿಸುವುದಿಲ್ಲ ಎಂದು ನಮ್ಮತ್ತೆ ಎರಡು ಸಲ ಹೇಳಿದ್ದಾರೆ. ಅಮ್ಮನ ಮೇಲೆ ನನಗೆ ಕೋಪವಿದೆ. ಅದನ್ನು ಬಂದು ಅವಳ ಮಡಿಲಲ್ಲೇ ಮಲಗಿ ತೀರಿಸಿಕೊಳ್ಳುತ್ತೇನೆ.

ನೆಲದ ಮೇಲೆ ಕಾಲು ನಿಲ್ಲದ ನಿಮ್ಮ ಮಗಳು,
ಹೊಂಬಾಳೆ


ಸೋಮನಹಳ್ಳಿ
೨೧ ಜೂನ್ ೧೯೪೩

ಚಿ. ಸೌ. ಹೊಂಬಾಳೆಗೆ ಅಪ್ಪನ ಆಶೀರ್ವಾದ.

ಕಾಗದ ತಲುಪಿತು. ಅಳಿಯಂದಿರು, ಬೀಗಿತ್ತಿಯವರು ಚೆನ್ನಾಗಿರುವುದು ತಿಳಿದು ಸಂತೋಷ. ಇಲ್ಲಿ ಮಳೆ ಪರವಾಗಿಲ್ಲ, ರಾಗಿ ಬಿತ್ತನೆಗೆ ಹೊಲ ಹದವಾಗಿದೆ.

ರೇಷ್ಮೆ ಹುಳ ನಾಲ್ಕನೇ ಜ್ವರಕ್ಕೆ ಕೂತಿವೆ. ಪೊರೆ ಕಳಚಲು ಸೊಪ್ಪು ಬಿಟ್ಟು, ತಲೆಯೆತ್ತಿ ಮಲಗಿವೆ. ನಿಮ್ಮವ್ವ ಹುಳದ ಮನೆ ಬಿಟ್ಟು ಈಚೆಗೆ ಬರುವ ಹಾಗಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆ. ಹೊರಗಿನವರು ಒಳಕ್ಕೆ ಹೋಗಬಾರದು ಅನ್ನುವುದು ನಿನಗೆ ಹೊಸದಲ್ಲ, ನೀನೂ ಈಗ ಇನ್ನೊಂದು ಮನೆಯವಳು. ಈ ಯುದ್ಧದ ಕಾಲದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕೆಂದು ಗೂಡು ಕೇಳುವವರು ಬಾಗಿಲಿಗೇ ಬರುತ್ತಾರೆ, ಬೆಳೆ ಕೆಡಿಸಿಕೊಳ್ಳಲಾಗದು. ಬೆಳೆ ಎದ್ದ ಮೇಲೆ ನೋಡೋಣ.

ಮಿದುಳನ್ನು ಸೀರೆ ಹತ್ತಿರ ಇಡಬೇಡ.

ಇಂತು,
ಅಂಕಯ್ಯ


ಗುತ್ತಲು
೨೬ ಜೂನ್ ೧೯೪೩

ಅಮ್ಮಾ,

ಈ ಕಾಗದ ನಿನಗೆ. ಅಪ್ಪ ಓದಿ ಹೇಳಲಿ, ಒಂದು ಮಾತನ್ನೂ ನುಂಗದೆ ಹೇಳಲಿ.

ಮೇ ಹದಿನಾರಕ್ಕೆ ನನ್ನ ಮದುವೆಯಾಯಿತು. ನಿನಗೆ ತಿಳಿದಿದೆಯೋ ಇಲ್ಲವೋ. ಇಲ್ಲಿ, ಗುತ್ತಲಿನಲ್ಲಿ, ಈ ಮನೆಯ ಮುಂದೆ ಚಪ್ಪರ ಹಾಕಿದ್ದರು. ಸೋಮನಹಳ್ಳಿಯಿಂದ ಮೂರು ಗಾಡಿ ಜನ ಬಂದರು. ಪ್ರತಿ ಗಾಡಿಯಿಂದಲೂ ಕೊನೆಗೆ ಇಳಿಯುವವಳು ನೀನೇ ಎಂದು ಕಾದೆ. ಮೂರನೇ ಗಾಡಿಯಿಂದ ಕೊನೆಗೆ ಇಳಿದದ್ದು ಬಾಳೆಗೊನೆ. ಧಾರೆ ಎರೆದದ್ದು ಚಿಕ್ಕಪ್ಪ ಮತ್ತು ಮಂಗಳಮ್ಮ ಚಿಕ್ಕಮ್ಮ. ಅಪ್ಪ ಕಂಬ ಹಿಡಿದುಕೊಂಡು ನಿಂತಿದ್ದರು. ‘ನಿಮ್ಮಮ್ಮ ಎಲ್ಲಿ’ ಎಂದು ಹೆಂಗಸರು ಕೇಳಿದಾಗೆಲ್ಲ ನಾನು ಅಪ್ಪ ಹೇಳಿಕೊಟ್ಟ ಮಾತನ್ನೇ ಹೇಳಿದೆ: ಹುಳ ನಾಲ್ಕನೇ ಜ್ವರದಲ್ಲಿವೆ, ಬಿಟ್ಟು ಬರುವ ಹಾಗಿಲ್ಲ. ಆಗ ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು, ನಮ್ಮಮ್ಮ ಹುಳ ಮುಟ್ಟಿದರೆ ಬೆಳೆ ಹಾಳಾದದ್ದಿಲ್ಲ ಎಂದು.

ಈಗ ಹೆಮ್ಮೆ ಮುಗಿಯಿತು. ಎರಡು ವರ್ಷದಿಂದ ರಜೆಗೂ ನನ್ನನ್ನು ಚಿಕ್ಕಮ್ಮನ ಮನೆಗೇ ಕಳಿಸಿದಿರಿ, ಹುಳ ಎಂದಿರಿ. ಮದುವೆಗೆ ಹುಳ. ಆಷಾಢಕ್ಕೂ ಹುಳ. ಈ ಓಣಿಯ ಹೊಸ ಸೊಸೆಯರಿಗೆಲ್ಲ ತವರಿನಿಂದ ಹೇಳಿ ಕಳಿಸಿದ್ದಾಗಿದೆ. ನಮ್ಮತ್ತೆ ನಿನ್ನೆ ಅವರೆಕಾಳು ಆರಿಸುತ್ತ, ನನ್ನ ಕಡೆ ನೋಡದೆ ಕೇಳಿದರು: ‘ನಿಮ್ಮವ್ವ ಸಾಕಾದು ಹುಳಾನಾ, ಆನೇನಾ? ಒಂದಿನ ಬುಟ್ಟು ಬರಾಕಾಗಕಿಲ್ವ?’ ಪಕ್ಕದ ಮನೆಯವರು ನಕ್ಕರು. ನಾನೂ ನಕ್ಕೆ. ಒಳಗೆ ಹೋಗಿ ಅತ್ತೆ.

ನೀನು ತಾಯಿಯಾಗಿದ್ದರೆ ಒಂದು ದಿನ ಆ ಹುಳದ ತಟ್ಟೆಗಳನ್ನು ಬಿಟ್ಟು ಬರುತ್ತಿದ್ದೆ. ಹೋಗಲಿ, ಬಾ ಎಂದಾದರೂ ಅನ್ನುತ್ತಿದ್ದೆ. ನಿನಗೆ ಮಗಳು ಬೇಡವಾಗಿದ್ದರೆ ಹಾಗೆಂದು ಹೇಳಿ ಕಳಿಸು, ಕಾಯುವುದನ್ನು ಬಿಡುತ್ತೇನೆ.

ಹೊಂಬಾಳೆ


ಸೋಮನಹಳ್ಳಿ
೯ ಜುಲೈ ೧೯೪೩

ಚಿ. ಸೌ. ಹೊಂಬಾಳೆಗೆ ಆಶೀರ್ವಾದ.

ಆಷಾಢ ಹುಟ್ಟಿ ಏಳು ದಿನವಾಯಿತೆಂದು ನನಗೂ ತಿಳಿದಿದೆ. ಹುಳ ನಾಲ್ಕನೇ ಜ್ವರದಲ್ಲಿವೆ. ಕರೆಯಲು ಬರುವುದಕ್ಕೆ ಆಗುವುದಿಲ್ಲ. ಬೀಗಿತ್ತಿಯವರಿಗೆ ನೀನೇ ಸಮಾಧಾನ ಹೇಳು. ನಿನ್ನ ಕಾಗದವನ್ನು ನಿಮ್ಮವ್ವನಿಗೆ ಪೂರಾ ಓದಿದೆ. ಕೇಳಿಸಿಕೊಂಡಳು. ಬೇಜಾರು ಮಾಡಿಕೊಂಡಿಲ್ಲ.

ಅಂಕಯ್ಯ


ಗುತ್ತಲು
೧೨ ಜುಲೈ ೧೯೪೩

ಅಪ್ಪಾ,

ನಿಮ್ಮ ಕಾರ್ಡು ಬಂತು. ನಾನು ಕಾನ್ವೆಂಟಿನಲ್ಲಿ ಓದಿರಬಹುದು, ಆದರೆ ಹುಟ್ಟಿದ್ದು ಹುಳದ ಮನೆಯ ಗೋಡೆಯ ಈಚೆಗೆ. ನಿಮ್ಮ ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಜೂನ್ ಇಪ್ಪತ್ತೊಂದಕ್ಕೆ ನಾಲ್ಕನೇ ಜ್ವರ ಎಂದಿರಿ. ಒಪ್ಪಿದೆ. ನಾಲ್ಕನೇ ಜ್ವರವೇ ಕೊನೆಯದು. ಅದು ಎದ್ದರೆ ಏಳೆಂಟು ದಿನ ಸೊಪ್ಪು ಬಡಿದು ತಿಂದು, ಹಣ್ಣಾಗಿ, ಹುಳ ಗೂಡು ಕಟ್ಟಬೇಕು. ಅಂದರೆ ಜೂನ್ ಮುಗಿಯುವಷ್ಟರಲ್ಲಿ ನಮ್ಮ ಮನೆಯಲ್ಲಿ ಹುಳವೇ ಇರಬಾರದು, ಗೂಡು ಇರಬೇಕು. ಆಮೇಲೆ ತಟ್ಟೆ ತೊಳೆದು, ಒಣಗಿಸಿ, ಹೊಸ ಮೊಟ್ಟೆ ತಂದು, ಮರಿ ಒಡೆದು, ಅವು ಒಂದು, ಎರಡು, ಮೂರು ಜ್ವರ ದಾಟಬೇಕು. ಜುಲೈ ಒಂಬತ್ತಕ್ಕೆ ಅವು ಮತ್ತೆ ನಾಲ್ಕನೇ ಜ್ವರಕ್ಕೆ ಹೇಗೆ ಬಂದವು? ಹದಿನೆಂಟು ದಿನ ಜ್ವರದಲ್ಲೇ ಮಲಗುವ ಹುಳವನ್ನು ಅಮ್ಮ ಸಾಕಿದಳೆಂದರೆ ಅದು ಸತ್ತ ಹುಳ.

ಇವರ ಮುಂದೆ, ನಮ್ಮತ್ತೆಯ ಮುಂದೆ ನೀವು ಈ ಸುಳ್ಳು ಹೇಳಿದರೆ ನಡೆಯುತ್ತದೆ. ಇವರು ಡಾಕ್ಟರು, ಹುಳವೆಂದರೆ ಹೊಟ್ಟೆಯಲ್ಲಿರುವುದು ಎಂದು ತಿಳಿದವರು. ನನಗೆ ಹೇಳುವಾಗಲಾದರೂ ಎರಡನೇ ಜ್ವರ ಎಂದು ಬರೆಯಬಾರದಿತ್ತೇ? ಸುಳ್ಳಿಗೂ ಶ್ರದ್ಧೆ ಬೇಡವೇ?

ಅಮ್ಮ ನನ್ನ ಮೇಲೆ ಮುನಿಸಿಕೊಂಡಿದ್ದಾಳೆಯೇ? ನೀವಿಬ್ಬರೂ ಜಗಳವಾಡಿದ್ದೀರೇ? ಅಮ್ಮ ಬದುಕಿದ್ದಾಳೆಯೇ? ಈ ಕೊನೆಯ ಮಾತನ್ನು ಬರೆಯಲು ಎಷ್ಟು ಹೊತ್ತು ಹಿಡಿಯಿತೆಂದು ನಿಮಗೆ ಗೊತ್ತಿಲ್ಲ. ನಿಜವನ್ನು ಬರೆಯಿರಿ. ಬರೆಯದಿದ್ದರೆ ನಾನು ಮಂಡ್ಯದ ಸ್ಟೇಷನ್ನಿಗೆ ಒಬ್ಬಳೇ ನಡೆದುಹೋಗುತ್ತೇನೆ, ಬೀದಿಯ ಜನ ನೋಡಲಿ.

ಹೊಂಬಾಳೆ


ಸೋಮನಹಳ್ಳಿ
೧೭ ಜುಲೈ ೧೯೪೩

ಚಿ. ಸೌ. ಹೊಂಬಾಳೆಗೆ,

ನಿಮ್ಮವ್ವ ಬದುಕಿದ್ದಾಳೆ. ಊಟ ಮಾಡುತ್ತಾಳೆ. ಮೊದಲು ಇದನ್ನು ಓದಿಕೊ.

ಅವಳಿಗೆ ಮರೆವು ಹತ್ತಿ ನಾಲ್ಕು ವರ್ಷವಾಯಿತು. ಮೊದಮೊದಲು ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದಳು. ನಾವೂ ನಗುತ್ತಿದ್ದೆವು. ಆಮೇಲೆ ಹೊಲಕ್ಕೆ ಬುತ್ತಿ ತಂದವಳು ಮನೆ ದಾರಿ ತಿಳಿಯದೆ ಬದುವಿನ ಮೇಲೆ ಕೂತಿದ್ದಳು. ಮೂವತ್ತು ವರ್ಷ ನಡೆದ ದಾರಿ. ಎರಡು ವರ್ಷದ ಕೆಳಗೆ ದಸರೆಗೆ ನೀನು ಬಂದಾಗ ನಿನ್ನನ್ನು ಮಂಗಳಮ್ಮ ಎಂದು ಕರೆದಳಲ್ಲ, ನೀನು ನಕ್ಕೆ. ನನಗೆ ಅವತ್ತೇ ತಿಳಿಯಿತು. ಅದಕ್ಕೇ ಆಮೇಲೆ ರಜೆಗೆ ಬರಬೇಡ ಎಂದೆ. ಈಗ ನನ್ನ ಗುರುತೂ ಇಲ್ಲ. ಸೊಪ್ಪು ತರುವ ಆಳು ಎಂದುಕೊಂಡಿದ್ದಾಳೆ. ನಾನೂ ಹೌದು ಅನ್ನುತ್ತೇನೆ. ಹೊತ್ತಿಗೆ ಸರಿಯಾಗಿ ಸೊಪ್ಪು ತಂದರೆ ‘ಒಳ್ಳೇ ಆಳು ಕಣಪ್ಪ ನೀನು’ ಅನ್ನುತ್ತಾಳೆ.

ಹುಳದ ಮನೆಯಲ್ಲಿ ಮಾತ್ರ ಅವಳಿಗೆ ನೆಮ್ಮದಿ. ಬೇವು ಕಟ್ಟಿದ ಬಾಗಿಲನ್ನು ಯಾರೂ ತಳ್ಳುವುದಿಲ್ಲ, ಯಾಕೆ ಎಂದು ಕೇಳುವುದೂ ಇಲ್ಲ. ಅದಕ್ಕೆ ಅಲ್ಲೇ ಇಟ್ಟೆ. ಹುಳ ಇಲ್ಲದಾಗಲೂ ಬೇವು ತೆಗೆಯಲಿಲ್ಲ. ಬೀಗ ಹಾಕಿಲ್ಲ, ಹೊರಗಿನ ಚಿಲಕ ಮಾತ್ರ. ಮನೆತನ ನೋಡಲು ಅಳಿಯಂದಿರ ಕಡೆಯವರು ಬಂದಾಗಲೂ ಒಳಗೇ ಇದ್ದಳು. ತಾಯಿಗೆ ಹುಚ್ಚು ಅಂದರೆ ಮಗಳನ್ನು ಯಾರು ತರುತ್ತಾರೆ, ನೀನೇ ಹೇಳು.

ನಿನ್ನ ಕಾಗದ ಓದಿದೆನಲ್ಲ. ಪೂರಾ ಕೇಳಿ, ‘ಯಾರ್ ಮಗ್ಳು ಪಾಪ. ಅವ್ರವ್ವ ಯಾಕ್ ಓಗ್ನಿಲ್ವಂತೆ ಮದ್ವೆಗೆ?’ ಅಂದಳು. ನಾನು ಎದ್ದು ಈಚೆಗೆ ಬಂದೆ.

ಜೂನ್ ಕೊನೆಯಲ್ಲಿ ಮಳವಳ್ಳಿಯಿಂದ ನನ್ನ ಅಕ್ಕ ಬೆಟ್ಟಕ್ಕ ಬಂದಿದ್ದಳು. ಅವಳು ಬರುವ ಹೊತ್ತಿಗೆ ಹುಳ ಹಣ್ಣಾಗಿದ್ದವು. ನಿಮ್ಮವ್ವ ಒಂದೊಂದೇ ಹಣ್ಣು ಹುಳ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು. ಹಸಿ ಹುಳ ಒಂದನ್ನೂ ಮುಟ್ಟಲಿಲ್ಲ. ಹಣ್ಣಾದದ್ದು ಒಂದನ್ನೂ ಬಿಡಲಿಲ್ಲ. ಇಡೀ ಮನೆ ಹುಳವನ್ನು ಅವಳೊಬ್ಬಳೇ ಬಿಟ್ಟಳು. ಬೆಟ್ಟಕ್ಕ ಬಾಗಿಲಲ್ಲಿ ನಿಂತು ನೋಡಿ, ನನ್ನನ್ನು ಈಚೆಗೆ ಎಳೆದುಕೊಂಡು ಬಂದು ಹೇಳಿದಳು: ‘ಕಟ್ಕಂಡ ಗಂಡನ್ ಗುರ್ತಿಲ್ದೋಳ್ಗೆ ಹಣ್ಣುಳದ ಗುರ್ತು ಎಂಗ್ಲಾ ಇದ್ದಾತು? ಮರ್ವಲ್ಲ ಕಣ್ಲಾ ಇದು. ಒಳ್ಗೆ ಬ್ಯಾರೆ ಯಾವ್ಳೋ ಕುಂತವ್ಳೆ.’ ನನಗೂ ಹೌದೆನ್ನಿಸಿತು. ಮರೆವಾದರೆ ಎಲ್ಲ ಮರೆಯಬೇಕಲ್ಲ.

ಮಳವಳ್ಳಿಯಿಂದಾಚೆ ಒಂದು ಗುಡಿಯಿದೆ. ಅಮಾವಾಸ್ಯೆ ದಿನ ಮೈಮೇಲೆ ಬಂದವರನ್ನು ಕಂಬಕ್ಕೆ ಕಟ್ಟಿ, ಬೇವಿನ ಕಡ್ಡಿಯ ಬರಲಿನಲ್ಲಿ ಬಾರಿಸಿ ಬಿಡಿಸುತ್ತಾರೆ. ಆಷಾಢದ ಅಮಾವಾಸ್ಯೆ ಭಾನುವಾರ ಬಿದ್ದಿದೆ, ಆಗಸ್ಟ್ ಒಂದು. ಬೆಟ್ಟಕ್ಕ ಎಲ್ಲ ಗೊತ್ತು ಮಾಡಿದ್ದಾಳೆ. ವಾಸಿಯಾದರೆ ನಾನೇ ನಿನ್ನನ್ನು ಕರೆಯಲು ಬರುತ್ತೇನೆ. ಅಲ್ಲಿಯವರೆಗೆ ಬಾಯಿ ಬಿಡಬೇಡ.

ನಿನ್ನ ಅಪ್ಪ


ಗುತ್ತಲು
೨೧ ಜುಲೈ ೧೯೪೩

ಅಪ್ಪಾ,

ಮೊದಲ ದಿನ ಬರೆದದ್ದನ್ನು ಹರಿದೆ. ಎರಡನೇ ದಿನದ್ದನ್ನು ಒಲೆಗೆ ಹಾಕಿದೆ. ಇದು ಮೂರನೆಯದು, ಕೊಂಚ ತಣ್ಣಗಾಗಿದೆ, ಆದರೂ ಹುಷಾರಾಗಿ ಹಿಡಿದುಕೊಳ್ಳಿ.

ಅಮ್ಮನಿಗೆ ನಾನು ಆ ಕಾಗದ ಬರೆಯುವಂತೆ ಮಾಡಿದವರು ನೀವು. ‘ನೀನು ತಾಯಿಯಾಗಿದ್ದರೆ’ ಎಂದು ಬರೆದೆ. ನೀವು ಅದನ್ನು ಅವಳ ಮುಂದೆ ಕೂತು ಓದಿದಿರಿ. ಅವಳಿಗೆ ಅರ್ಥವಾಗಲಿಲ್ಲ ಎನ್ನುವುದೇ ನನಗೆ ಉಳಿದಿರುವ ಸಮಾಧಾನ. ಮಗಳೊಬ್ಬಳಿಗೆ ಎಂಥ ಸಮಾಧಾನ ಕೊಟ್ಟಿದ್ದೀರಿ ನೋಡಿ. ಎರಡು ವರ್ಷದ ಹಿಂದೆ ಅವಳಿಗೆ ನನ್ನ ಹೆಸರು ಅರ್ಧವಾದರೂ ಇತ್ತು. ಆ ಎರಡು ವರ್ಷವನ್ನು ನೀವು ಬೇವಿನ ಸೊಪ್ಪಿನ ಹಿಂದೆ ಬಚ್ಚಿಟ್ಟಿರಿ. ಅದನ್ನು ಯಾರು ತಂದುಕೊಡುತ್ತಾರೆ?

ಬಾಯಿ ಬಿಡಬೇಡ ಎಂದಿದ್ದೀರಿ. ಬಿಟ್ಟೆ. ನಿಮ್ಮ ಕಾಗದವನ್ನು ಇವರ ಕೈಗೆ ಕೊಟ್ಟೆ. ನಾಲ್ಕು ಸಲ ಓದಿ, ಪೆಟ್ಟಿಗೆಯಿಂದ ಆ ಬಿಳಿಚಿದ ಗಾಜನ್ನು ತೆಗೆದು ಕಿಟಕಿಗೆ ಹಿಡಿದರು. ಅದು ಮದ್ರಾಸಿನಲ್ಲಿ ತೀರಿಕೊಂಡ ಐವತ್ತನಾಲ್ಕು ವರ್ಷದ ಹೆಂಗಸಿನದಂತೆ. ಕೊನೆಗೆ ಅವಳಿಗೆ ಕನ್ನಡಿಯಲ್ಲಿರುವ ತನ್ನ ಮುಖ ಯಾರದೆಂದೇ ತಿಳಿಯುತ್ತಿರಲಿಲ್ಲವಂತೆ. ಈ ಕಾಯಿಲೆಗೆ ಹೆಸರಿದೆ ಅಪ್ಪ. ಆಲ್ಝೈಮರ್. ಅದನ್ನು ಮೊದಲು ಗುರುತಿಸಿದ ಜರ್ಮನ್ ಡಾಕ್ಟರನ ಹೆಸರು. ಹುಚ್ಚಲ್ಲ. ಒಳಗೆ ಯಾವಳೂ ಕೂತಿಲ್ಲ.

ಇವರು ಹೇಳಿದ್ದನ್ನು ಬರೆಯುತ್ತೇನೆ, ನಿಧಾನವಾಗಿ ಓದಿ. ಮಿದುಳಿನೊಳಗೆ ನಮ್ಮ ಹುಳ ಬಿಡುವ ಎಳೆಗಿಂತ ಸಣ್ಣ ನರಗಳಿವೆ, ಕೋಟಿಗಟ್ಟಲೆ. ಬಹಳಷ್ಟಕ್ಕೆ ಕೊಬ್ಬಿನದೊಂದು ಹೊದಿಕೆ ಇದೆ. ಮಯಲಿನ್ ಎನ್ನುತ್ತಾರೆ. ನಮ್ಮ ಮನೆಯ ಕರೆಂಟು ತಂತಿಗೆ ರಬ್ಬರು, ಅದರ ಮೇಲೆ ನೂಲು ಸುತ್ತಿದ್ದಾರಲ್ಲ, ಹಾಗೆ. ಹೊದಿಕೆ ಗಟ್ಟಿಯಾಗಿದ್ದರೆ ಸುದ್ದಿ ಕಣ್ಣು ಮಿಟುಕಿಸುವಷ್ಟರಲ್ಲಿ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಹೊದಿಕೆ ಹಾಳಾದರೆ ನಿಧಾನವಾಗುತ್ತದೆ, ಇಲ್ಲವೇ ದಾರಿಯಲ್ಲೇ ನಿಲ್ಲುತ್ತದೆ. ಇವರು ಹಾಕಿದ ಬಣ್ಣ ಹಿಡಿಯುವುದು ಆ ಹೊದಿಕೆಗೆ ಮಾತ್ರ. ಹೊದಿಕೆ ಕೆಟ್ಟ ಕಡೆ ಬಣ್ಣವಿಲ್ಲ, ಬಿಳಿಚಿರುತ್ತದೆ. ನಾನು ಶಾಯಿ ಸಾಲದೆ ಬಂತೇ ಎಂದು ಕೇಳಿದ್ದು ಅದನ್ನು ನೋಡಿಯೇ. ಮುಖದ ಗುರುತು ಒಂದು ಕಡೆ, ಹೆಸರು ಇನ್ನೊಂದು ಕಡೆ ಇರುತ್ತದಂತೆ. ಎರಡೂ ಸೇರಿದರೆ ಗಂಡ, ಸೇರದಿದ್ದರೆ ಸೊಪ್ಪು ತರುವ ಆಳು. ಮೊದಲು ಕೆಡುವುದು ನರವೋ ಹೊದಿಕೆಯೋ ಯಾರಿಗೂ ಖಚಿತವಾಗಿ ಗೊತ್ತಿಲ್ಲವೆಂದೂ ಹೇಳಿದರು.

ಹಾಗಾದರೆ ಹಣ್ಣು ಹುಳ ಹೇಗೆ ಗುರುತಿಸಿದಳು ಎಂದು ನಾನೂ ಕೇಳಿದೆ. ಬೆಟ್ಟತ್ತೆಯ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ ಎಂದರು. ಕೂಸು ಹುಟ್ಟುವಾಗ ಎಲ್ಲ ನರಕ್ಕೂ ಈ ಹೊದಿಕೆ ಇರುವುದಿಲ್ಲವಂತೆ. ನೋಡುವುದಕ್ಕೆ, ಮುಟ್ಟುವುದಕ್ಕೆ, ಕೈಕಾಲು ಆಡುವುದಕ್ಕೆ ಬೇಕಾದ ನರಗಳಿಗೆ ಮೊದಲು ಬರುತ್ತದೆ. ಒಂದಕ್ಕೊಂದು ಸೇರಿಸಿ ಯೋಚಿಸುವುದಕ್ಕೆ ಬೇಕಾದವಕ್ಕೆ ಕಡೆಗೆ, ಪ್ರಾಯ ಬರುವವರೆಗೂ ಬರುತ್ತಲೇ ಇರುತ್ತದೆ. ಈ ಕಾಯಿಲೆ ಕಡೆಗೆ ಬಂದದ್ದನ್ನು ಮೊದಲು ಕೆಡಿಸುತ್ತದೆಂದು ಇವರಿಗೆ ಅನ್ನಿಸುತ್ತದೆ. ‘ಊಹೆ ಅಂತಲೇ ಬರಿ, ಪುಸ್ತಕದಲ್ಲಿಲ್ಲ’ ಎಂದರು. ಬರೆದೆ. ಅಮ್ಮ ಐದು ವರ್ಷದವಳಿದ್ದಾಗಿನಿಂದ ಹಣ್ಣು ಹುಳ ಆರಿಸಿದವಳು. ನಿಮ್ಮನ್ನು ಮದುವೆಯಾದದ್ದು ಹದಿನಾಲ್ಕಕ್ಕೆ. ಅವಳ ಬೆರಳು ನಿಮಗಿಂತ ಹಳೆಯದು. ಅದಕ್ಕೇ ಉಳಿದಿದೆ. ಉಳಿದದ್ದನ್ನು ನೋಡಿ ದೆವ್ವ ಎಂದಿರಿ. ಅವಳು ಹುಳವನ್ನೂ ಮರೆತಿದ್ದರೆ ಗುಡಿಗೆ ಒಯ್ಯುತ್ತಿರಲಿಲ್ಲ, ಅಲ್ಲವೇ? ಚೆನ್ನಾಗಿ ಮಾಡಿದ ಕೆಲಸಕ್ಕೆ ಪೆಟ್ಟು.

ಔಷಧಿ ಕೇಳಿದೆ. ಇಲ್ಲ ಎಂದರು. ಮದ್ರಾಸಿನಲ್ಲಿ? ಇಲ್ಲ. ಲಂಡನ್ನಿನಲ್ಲಿ? ಇಲ್ಲ. ನೀವು ಇಷ್ಟು ವರ್ಷ ಓದಿದ್ದು ಗಾಜಿಗೆ ಬಣ್ಣ ಹಾಕುವುದಕ್ಕೋ ಎಂದು ಕೂಗಿದೆ. ಲೋಟ ಎತ್ತಿ ಎಸೆದೆ, ಗೋಡೆಗೆ ತಗುಲಿತು. ಇವರು ಅದನ್ನು ಎತ್ತಿಟ್ಟು, ಕೈ ತೊಳೆದುಕೊಂಡು ಬಂದು, ಬೆದರಿಸಬಾರದು, ಕಟ್ಟಬಾರದು, ತಿಳಿದ ಕೆಲಸವನ್ನು ಕೈಗೆ ಕೊಡಬೇಕು, ಅಷ್ಟೇ ಗೊತ್ತಿರುವುದು ಎಂದರು. ಗಾಬರಿಯಾದರೆ ಉಳಿದದ್ದೂ ಬೇಗ ಕಳೆದುಹೋಗುತ್ತದಂತೆ. ಕಂಬಕ್ಕೆ ಕಟ್ಟಿ ಹೊಡೆದರೆ ಆ ಬೆರಳುಗಳೂ ಹೋಗಬಹುದು.

ಲೋಟದ ಸದ್ದಿಗೆ ನಮ್ಮತ್ತೆ ಬಂದರು. ಅವರಿಗೂ ಹೇಳಿದೆ. ಬಾಗಿಲ ಚೌಕಟ್ಟು ಹಿಡಿದುಕೊಂಡು ‘ಮೊದ್ಲೇ ಗೊತ್ತಾಗಿದ್ರೆ ನಿಮ್ಮನೆ ಒಸ್ಲು ತುಳೀತಿರ್ನಿಲ್ಲ ಕಣಮ್ಮ’ ಎಂದರು. ಈಗಲೂ ಅನ್ನ ಬಡಿಸುತ್ತಾರೆ, ತಟ್ಟೆ ನೋಡಿಕೊಂಡು ಬಡಿಸುತ್ತಾರೆ. ನೀವು ಹೆದರಿದ್ದು ಸುಳ್ಳಲ್ಲ ಅಪ್ಪ, ಅದನ್ನು ಒಪ್ಪುತ್ತೇನೆ. ನಾನು ಈ ಮನೆಯಲ್ಲಿ ಇರುವುದು ಅಮ್ಮನನ್ನು ನೀವು ಕೂಡಿಹಾಕಿದ್ದರಿಂದ. ಆ ಲೆಕ್ಕದಲ್ಲಿ ನನ್ನ ಸುಖವೆಲ್ಲ ಆ ಚಿಲಕದ ಮೇಲೆ ನಿಂತಿದೆ. ಅದಕ್ಕೇ ನಿಮ್ಮನ್ನು ಇನ್ನೂ ಕ್ಷಮಿಸಲಾಗುತ್ತಿಲ್ಲ.

ಅಮ್ಮನನ್ನು ಗುಡಿಗೆ ಕಳಿಸಬೇಡಿ. ಈ ಕಾಗದವನ್ನು ಬೆಟ್ಟತ್ತೆಗೆ ಓದಿ ಹೇಳಿ. ಅಮ್ಮನಿಗೆ ಓದಿದ ಹಾಗೆಯೇ, ಪೂರಾ.

ಹೊಂಬಾಳೆ


ಸೋಮನಹಳ್ಳಿ
೨೫ ಜುಲೈ ೧೯೪೩

ಚಿ. ಸೌ. ಹೊಂಬಾಳೆಗೆ,

ನಾನೇ ಮಳವಳ್ಳಿಗೆ ಹೋಗಿ ಬೆಟ್ಟಕ್ಕನಿಗೆ ನಿನ್ನ ಕಾಗದ ಓದಿದೆ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು ದಾರಿಯಲ್ಲಿ ಎರಡು ಸಲ ನಿಂತಿತು, ನಾವೇ ಇಳಿದು ತಳ್ಳಿದೆವು. ಪೂರಾ ಕೇಳಿದಳು. ‘ನಿನ್ ಅಳೀಮಯ್ಯ ಔಷ್ದಿ ಇಲ್ಲ ಅಂತ ತಾನೆ ಯೇಳಿರಾದು? ಅವ್ರತ್ರ ಇಲ್ದಿದ್ರೆ ನಮ್ಮತ್ರಾನೂ ಇರ್ಬಾರ್ದಾ?’ ಎಂದಳು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅವಳು ನನ್ನನ್ನು ಎತ್ತಿ ಆಡಿಸಿದವಳು. ಅವಳ ಮಾತು ಮೀರಿ ನನಗೆ ಅಭ್ಯಾಸವಿಲ್ಲ.

ಶುಕ್ರವಾರ ಸಂಜೆಗೆ ಗಾಡಿ ಕಟ್ಟಿಸಿಕೊಂಡು ಬರುತ್ತಾಳೆ. ಶನಿವಾರ ಬೆಳಗಾಗುತ್ತಲೇ ಹೊರಡುವುದು.

ಹೊಸ ಮರಿ ಮೂರನೇ ಜ್ವರ ಎದ್ದಿವೆ. ಇದು ನಿಜ, ಎಣಿಸಿ ನೋಡು. ನಿನ್ನೆ ಸೊಪ್ಪು ಕೊಟ್ಟು ಬರುವಾಗ ಚಿಲಕ ಹಾಕಲು ಕೈ ಹೋಗಲಿಲ್ಲ. ಹಾಗೇ ಬಿಟ್ಟು ಜಗಲಿಯಲ್ಲಿ ಕೂತೆ. ನಿಮ್ಮವ್ವ ಹೊಸ್ತಿಲವರೆಗೆ ಬಂದು, ಬೇವಿನ ಸೊಪ್ಪು ನೋಡಿ, ಹೊರಗಿನವರು ಬರಬಾರದು ಎಂದು ತಾನೇ ಹೇಳಿಕೊಂಡು, ಒಳಕ್ಕೆ ಹೋದಳು.

ನೀನು ಬರಬೇಡ. ಕರೆಯದೆ ತವರಿಗೆ ಬಂದ ಮಗಳನ್ನು ‘ಗಂಡನನ್ನು ಬಿಟ್ಟು ಬಂದವಳು’ ಎನ್ನುತ್ತಾರೆ. ಬೀಗಿತ್ತಿಯವರ ಮನಸ್ಸು ಆಗಲೇ ಮುರಿದಿದೆ. ಇದ್ದ ಒಬ್ಬಳ ಬಾಳಾದರೂ ನಿಲ್ಲಲಿ ಎಂದು ಇಷ್ಟೆಲ್ಲ ಮಾಡಿದೆ.

ನಿನ್ನ ಅಪ್ಪ


ಗುತ್ತಲು
೨೭ ಜುಲೈ ೧೯೪೩

ಅಪ್ಪಾ,

ನಿಮ್ಮಿಂದ ಉತ್ತರ ಸಿಗದ ಮಾತುಗಳನ್ನೆಲ್ಲ ಬೆಟ್ಟತ್ತೆ ಎಲ್ಲಿಂದ ತರುತ್ತಾರೋ. ನನ್ನ ಹತ್ತಿರ ಉತ್ತರವಿದೆ. ಔಷಧಿ ಇಲ್ಲ ಎಂದವರು ಸುಮ್ಮನಿರುತ್ತಾರೆ. ಇದೆ ಎಂದವರು ಬೇವಿನ ಬರಲು ಹಿಡಿಯುತ್ತಾರೆ. ಎರಡಕ್ಕೂ ವ್ಯತ್ಯಾಸ ಕಾಣದಿದ್ದರೆ ಬರಲನ್ನು ಮೊದಲು ನನ್ನ ಬೆನ್ನ ಮೇಲೆ ಆಡಿಸಿ ನೋಡಲಿ. ಅಮ್ಮನ ಗಾಡಿಗೆ ಅಮ್ಮನಿಗಿಂತ ಮೊದಲು ನಾನು ಹತ್ತಿ ಕೂತಿರುತ್ತೇನೆ. ಕಟ್ಟುವುದಾದರೆ ಇಬ್ಬರನ್ನೂ ಕಟ್ಟಲಿ. ಮೈಮೇಲೆ ಬಂದಿರುವುದು ನನಗೆ.

ನೀವು ಜೋರು ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಊರಿನವರು ಅಂಕಯ್ಯ ಎಂಥ ಸಾಧು ಎನ್ನುತ್ತಿದ್ದಾಗ ನನಗೆ ಹೆಮ್ಮೆಯಾಗುತ್ತಿತ್ತು. ಸಾಧುವಾದವರ ಮನೆಯಲ್ಲಿ ಪೆಟ್ಟು ತಿನ್ನುವವರು ಬೇರೆ ಯಾರೋ ಇರುತ್ತಾರೆಂದು ಈಗ ತಿಳಿಯಿತು. ಅಕ್ಕನ ಮಾತು ಮೀರಿ ಅಭ್ಯಾಸವಿಲ್ಲ ಎಂದಿದ್ದೀರಿ. ಅಮ್ಮನಿಗೆ ಗಂಡನಿಲ್ಲದೆ ಅಭ್ಯಾಸವಿತ್ತೇ? ಈಗ ಆಳಿನ ಜೊತೆ ಸಂಸಾರ ಮಾಡುತ್ತಿಲ್ಲವೇ? ಆದರೂ, ಚಿಲಕ ಹಾಕದೆ ಬಂದೆ ಎಂದು ಬರೆದ ಸಾಲನ್ನು ನಾನು ತುಂಬ ಹೊತ್ತು ನೋಡಿದೆ. ಇಷ್ಟು ದಿನದಲ್ಲಿ ನೀವು ನನಗೆ ಬರೆದ ಒಳ್ಳೆಯ ಸುದ್ದಿ ಅದೊಂದೇ.

ಇಲ್ಲಿಯದೂ ಕೇಳಿಬಿಡಿ. ಸೊಸೆ ಕರೆಯದೆ ಹೊರಟಳೆಂದು ನಮ್ಮತ್ತೆ ಮೊದಲು ಕೂಗಾಡಿದರು. ಹೊಸ್ತಿಲು ದಾಟಿದರೆ ಶ್ರಾವಣಕ್ಕೆ ಕರೆಯಲು ಈ ಮನೆಯಿಂದ ಯಾರೂ ಬರುವುದಿಲ್ಲ ಎಂದರು. ಇವರು ಊಟ ಮಾಡುತ್ತಿದ್ದವರು ತಲೆಯೆತ್ತದೆ, ‘ನಾನೇ ಹೋಗ್ತೀನಿ ಕಣವ್ವ, ಶ್ರಾವಣಕ್ಕಲ್ಲ, ಈ ಭಾನುವಾರವೇ’ ಎಂದರು. ಭಾನುವಾರ ಇವರಿಗೆ ರಜೆ, ಬಂದು ಅಮ್ಮನನ್ನು ನೋಡುತ್ತಾರೆ. ಅತ್ತೆ ಎದ್ದು ಹಿತ್ತಿಲಿಗೆ ಹೋದರು. ಅವರು ಬದಲಾಗಿದ್ದಾರೆಂದು ನಾನು ಬರೆಯುವುದಿಲ್ಲ, ಬದಲಾಗಿಲ್ಲ. ನಾನು ವಾಪಸು ಬಂದಾಗ ಈ ಮನೆಯಲ್ಲಿ ನನಗೆ ಎಷ್ಟು ಜಾಗ ಉಳಿದಿರುತ್ತದೋ ಗೊತ್ತಿಲ್ಲ. ಮದುವೆಯಾಗಿ ಎರಡೂವರೆ ತಿಂಗಳಲ್ಲಿ ಇಷ್ಟು ದೊಡ್ಡ ಮಾತು ಬರೆಯಬೇಕಾಗುತ್ತದೆಂದು ಅಂದುಕೊಂಡಿರಲಿಲ್ಲ. ಹೆದರಿಕೆಯಾಗುತ್ತಿದೆ ಅಪ್ಪ. ಹೆದರಿಕೊಂಡೇ ಟ್ರಂಕು ತುಂಬಿದ್ದೇನೆ.

ನೀವು ಮಾಡಬೇಕಾದದ್ದು ಒಂದೇ ಕೆಲಸ. ಸ್ಟೇಷನ್ನಿಗೆ ಗಾಡಿ ತನ್ನಿ, ಗಾಡಿಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಬನ್ನಿ. ಮುಸುಕು ಹಾಕದೆ, ಹಾಡುಹಗಲಿನಲ್ಲಿ, ಊರ ನಡುವಿನ ಬೀದಿಯಲ್ಲೇ ಬನ್ನಿ. ಯಾರಾದರೂ ಕೇಳಿದರೆ ನನ್ನ ಹೆಂಡತಿಗೆ ಕಾಯಿಲೆ, ಮಗಳನ್ನು ಕರೆಯಲು ಹೋಗುತ್ತಿದ್ದೇವೆ ಎನ್ನಿ. ಹಾಗೆ ಬಂದರೆ ನಾನು ಕರೆಯದೆ ಬಂದವಳಲ್ಲ, ತಂದೆತಾಯಿ ಬಂದು ಕರೆದುಕೊಂಡು ಹೋದ ಮಗಳು. ಅಮ್ಮ ನನ್ನನ್ನು ಯಾರೆಂದು ಕೇಳಿದರೆ ನೀವು ಉತ್ತರ ಹೇಳಬೇಡಿ, ನಾನೇ ಹೇಳಿಕೊಳ್ಳುತ್ತೇನೆ. ಮಂಗಳಮ್ಮ ಎಂದರೂ ಓಗೊಡುತ್ತೇನೆ. ಒಬ್ಬರೇ ಬಂದು ನಿಂತಿದ್ದರೆ ನಿಮ್ಮನ್ನು ದಾಟಿಕೊಂಡು ಸೋಮನಹಳ್ಳಿಗೆ ನಡೆದುಹೋಗುತ್ತೇನೆ.

ಈ ಶುಕ್ರವಾರ, ಜುಲೈ ಮೂವತ್ತು, ಬೆಟ್ಟತ್ತೆಯ ಗಾಡಿಗಿಂತ ಮೊದಲು: ಮೈಸೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಪ್ಯಾಸೆಂಜರಿನಲ್ಲಿ ಮದ್ದೂರಿನಲ್ಲಿ ಇಳಿಯುತ್ತೇನೆ.

ಹೊಂಬಾಳೆ